ಮಿನ್ ಚಿಯು ಲಿ

ಮಿನ್ ಚಿಯು ಲಿ (1919–1980) ಚೀನಾದಲ್ಲಿ ಜನಿಸಿ ಅಮೆರಿಕದಲ್ಲಿ ನೆಲೆಸಿದ ವೈದ್ಯವಿಜ್ಞಾನಿ. ಗೆಡ್ಡೆ ಕಾಣದಂತಾದ ಮೇಲೂ ದೇಹದಲ್ಲಿ ಕ್ಯಾನ್ಸರ್ ಕೋಶಗಳು ಉಳಿದಿರಬಲ್ಲವೆಂಬುದನ್ನು ತಮ್ಮ ಚಿಕಿತ್ಸೆಯಿಂದ ತೋರಿಸಿಕೊಟ್ಟವರು.

1947ರಲ್ಲಿ ಅಮೆರಿಕಕ್ಕೆ ತೆರಳಿದ ಲಿ, ಮುಂದೆ ಅಲ್ಲಿನ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯನ್ನು ಸೇರಿದರು. ರಾಯ್ ಹರ್ಟ್ಜ್ ಅವರೊಡನೆ ಕೋರಿಯೊಕಾರ್ಸಿನೋಮಾಕ್ಕೆ ಮೆಥೊಟ್ರೆಕ್ಸೇಟ್ ಔಷಧವನ್ನು ಪ್ರಯೋಗಿಸಿ 1956ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. (ಈ ಬಗೆಯ ಫೋಲಿಕ್ ಆಮ್ಲ ವಿರೋಧಿ ಔಷಧಗಳನ್ನು ರೂಪಿಸಿದ ಲೆಡರ್ಲೆ ಪ್ರಯೋಗಾಲಯದ ತಂಡಕ್ಕೆ ಭಾರತೀಯರಾದ ಯಲ್ಲಾಪ್ರಗಡ ಸುಬ್ಬರಾವ್ ಮುಖ್ಯಸ್ಥರಾಗಿದ್ದರು.) ಮಾಸುವಿನ ಅಂಗಾಂಶದಲ್ಲಿ ಹುಟ್ಟಿ ಶ್ವಾಸಕೋಶಗಳಿಗೆ ಬೇಗನೆ ಹರಡುವ ಈ ಕ್ಯಾನ್ಸರ್ ಆಗ ಬಹುಮಟ್ಟಿಗೆ ಮಾರಕವಾಗಿತ್ತು.

ಔಷಧದಿಂದ ಎಕ್ಸರೇ ಚಿತ್ರದಲ್ಲಿ ಗೆಡ್ಡೆಗಳು ಇಲ್ಲವಾದವು. ಆದರೆ ಕ್ಯಾನ್ಸರ್ ಕೋಶಗಳು ಸ್ರವಿಸುವ ಎಚ್‌ಸಿಜಿ ಹಾರ್ಮೋನು ಅಲ್ಪ ಪ್ರಮಾಣದಲ್ಲಿ ಉಳಿದೇ ಇತ್ತು. ಅದು ಪೂರ್ಣ ಇಳಿಯುವವರೆಗೂ ಲಿ ಔಷಧವನ್ನು ನಿಲ್ಲಿಸಲಿಲ್ಲ. ಗುಣವಾದಂತೆ ಕಾಣುವವರಿಗೆ ವಿಷಕಾರಿ ಔಷಧವನ್ನು ಮುಂದುವರಿಸುವುದು ಸಹೋದ್ಯೋಗಿಗಳಿಗೆ ಸರಿಕಾಣಲಿಲ್ಲ. 1957ರಲ್ಲಿ ಲಿ ಸಂಸ್ಥೆಯನ್ನು ಬಿಡಬೇಕಾಯಿತು. ಕಾಲಕ್ರಮದಲ್ಲಿ, ಬೇಗನೆ ಔಷಧ ನಿಲ್ಲಿಸಿದವರಲ್ಲಿ ರೋಗ ಮರುಕಳಿಸಿತು, ಲಿ ಕ್ರಮವನ್ನು ಅನುಸರಿಸಿದವರಲ್ಲಿ ಮರುಕಳಿಸಲಿಲ್ಲ.

1972ರಲ್ಲಿ ಹರ್ಟ್ಜ್ ಮೊದಲಾದವರೊಡನೆ ಲಿ ಅವರಿಗೂ ಲಾಸ್ಕರ್ ಪ್ರಶಸ್ತಿ ದೊರೆಯಿತು. ಈ ಕ್ಯಾನ್ಸರಿನಲ್ಲಿ ಹಾರ್ಮೋನಿನ ಮಟ್ಟವನ್ನು ನೋಡಿಯೇ ಚಿಕಿತ್ಸೆಯ ಅವಧಿಯನ್ನು ನಿರ್ಧರಿಸುವ ಕ್ರಮ ಇಂದಿಗೂ ರೂಢಿಯಲ್ಲಿದೆ.