ರಂಗನಾಥನ್ ಅವರ ಮೂರು ಕಾರ್ಡುಗಳು

ಪ್ರತಿ ವರ್ಷ ಆಗಸ್ಟ್ 12ರಂದು ನಮ್ಮ ಕಾಲೇಜು, ವಿಶ್ವವಿದ್ಯಾಲಯಗಳ ಗ್ರಂಥಾಲಯಗಳಲ್ಲಿ ಒಂದು ಭಾವಚಿತ್ರಕ್ಕೆ ಹಾರ ಬೀಳುತ್ತದೆ. ಶಿಯಾಳಿ ರಾಮಾಮೃತ ರಂಗನಾಥನ್ ಅವರ ಹೆಸರಿನಲ್ಲಿ ದೇಶ ಆ ದಿನವನ್ನು ಗ್ರಂಥಪಾಲಕರ ದಿನವೆಂದು ಆಚರಿಸುತ್ತದೆ. ಭಾಷಣಗಳಲ್ಲಿ ಅವರ ಪಂಚಸೂತ್ರಗಳು ಬರುತ್ತವೆ, ದ್ವಿಬಿಂದು ವರ್ಗೀಕರಣ ಬರುತ್ತದೆ. ಆದರೆ ವಿದ್ವತ್ ನಿಯತಕಾಲಿಕಗಳನ್ನು ತರಿಸಿ, ಎಣಿಸಿ, ಕಾಪಾಡಲು ಅವರು ರೂಪಿಸಿದ ಮೂರು ಕಾರ್ಡುಗಳ ಸರಳ ವಿಧಾನವನ್ನು ಯಾರೂ ನೆನೆಯುವುದಿಲ್ಲ. ಸರ್ಕಾರವೇ ಸಾವಿರಾರು ಕೋಟಿ ರೂಪಾಯಿ ಕೊಟ್ಟು ವಿದ್ಯುನ್ಮಾನ ನಿಯತಕಾಲಿಕಗಳನ್ನು ಖರೀದಿಸುತ್ತಿರುವ ಈ ಹೊತ್ತಿನಲ್ಲಿ ನೆನೆಯಬೇಕಾದದ್ದು ಬಹುಶಃ ಅದನ್ನೇ.

ರಂಗನಾಥನ್ ಹುಟ್ಟಿದ್ದು 1892ರಲ್ಲಿ, ತಂಜಾವೂರು ಜಿಲ್ಲೆಯ ಶಿಯಾಳಿಯಲ್ಲಿ. ಆರು ವರ್ಷದ ಬಾಲಕನಾಗಿದ್ದಾಗಲೇ ತಂದೆಯನ್ನು ಕಳೆದುಕೊಂಡರು. ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನಲ್ಲಿ ಗಣಿತದಲ್ಲಿ ಸ್ನಾತಕೋತ್ತರ ಪದವಿ ಪಡೆದು, 1917ರಲ್ಲಿ ಸರ್ಕಾರಿ ಸೇವೆಗೆ ಸೇರಿದಾಗ ಅವರಿಗೆ ಸಿಕ್ಕಿದ್ದು ಮಂಗಳೂರಿನ ಸರ್ಕಾರಿ ಕಾಲೇಜು. ಕರ್ನಾಟಕದೊಂದಿಗೆ ಅವರ ನಂಟು ಬೆಂಗಳೂರಿಗೆ ಬರುವುದಕ್ಕೆ ನಾಲ್ಕು ದಶಕ ಮೊದಲೇ, ಕಡಲ ತೀರದ ಆ ಊರಿನಲ್ಲಿ ಆರಂಭವಾಗಿತ್ತು. ಅಲ್ಲಿಂದ ಕೊಯಮತ್ತೂರಿಗೆ, ಬಳಿಕ ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿಗೆ ಹೋದರು. ಪಾಠ ಹೇಳುವುದನ್ನು ಅವರು ಮನಸಾರೆ ಪ್ರೀತಿಸುತ್ತಿದ್ದರು. ಆದರೆ ಸಂಬಳ ಸಾಲುತ್ತಿರಲಿಲ್ಲ.

1924ರ ಜನವರಿಯಲ್ಲಿ ಅವರು ಮದ್ರಾಸ್ ವಿಶ್ವವಿದ್ಯಾಲಯದ ಮೊದಲ ಗ್ರಂಥಪಾಲರಾದದ್ದು ಗ್ರಂಥಗಳ ಮೇಲಿನ ಮೋಹದಿಂದಲ್ಲ. ಓದುಗರೇ ಬಾರದ ಆ ಕಟ್ಟಡದ ಏಕಾಂತ ಕೆಲವೇ ದಿನಗಳಲ್ಲಿ ಅಸಹನೀಯವೆನಿಸಿತು. ಮರಳಿ ಪಾಠಕ್ಕೆ ಕಳುಹಿಸಿಕೊಡಿ ಎಂದು ಅಧಿಕಾರಿಗಳನ್ನು ಕೇಳಿಕೊಂಡರು. ಲಂಡನ್ನಿಗೆ ಹೋಗಿ ಗ್ರಂಥಾಲಯಗಳ ಕೆಲಸವನ್ನು ಕಲಿತು ಬನ್ನಿ, ಆಮೇಲೂ ಬೇಡವೆನಿಸಿದರೆ ಹಿಂದಿನ ಹುದ್ದೆ ಇದ್ದೇ ಇದೆ ಎಂಬ ಒಪ್ಪಂದವಾಯಿತು. ಲಂಡನ್ ವಿಶ್ವವಿದ್ಯಾಲಯ ಕಾಲೇಜಿನಲ್ಲಿ ಬರ್ವಿಕ್ ಸೇಯರ್ಸ್ ಅವರ ಮಾರ್ಗದರ್ಶನ ದೊರೆಯಿತು. ಇಂಗ್ಲೆಂಡಿನ ಹಲವಾರು ಗ್ರಂಥಾಲಯಗಳನ್ನು ಅವರು ಕಣ್ಣಾರೆ ಕಂಡರು. ಕಾರ್ಮಿಕರು, ಗೃಹಿಣಿಯರು, ಮಕ್ಕಳು ಕಪಾಟಿನ ಮುಂದೆ ನಿಂತು ತಮಗೆ ಬೇಕಾದದ್ದನ್ನು ತಾವೇ ಆರಿಸಿಕೊಳ್ಳುವ ನೋಟ ಗಣಿತದ ಮೇಷ್ಟರನ್ನು ಬದಲಿಸಿತು. 1925ರಲ್ಲಿ ಮರಳಿದ ಅವರು ಮತ್ತೆ ಗಣಿತದ ತರಗತಿಯ ಮಾತೆತ್ತಲಿಲ್ಲ.

ಮದ್ರಾಸಿನಲ್ಲಿ ಅವರು ಎರಡು ದಶಕ ದುಡಿದರು. ಕಪಾಟುಗಳನ್ನು ಓದುಗರಿಗೆ ತೆರೆದರು, ಗ್ರಂಥಾಲಯದ ವೇಳೆಯನ್ನು ವಿಸ್ತರಿಸಿದರು, ಗ್ರಂಥಪಾಲಕರಿಗೆ ತರಬೇತಿ ಶಾಲೆ ತೆರೆದರು. ಇದರ ನಡುವೆಯೇ, 1928ರಲ್ಲಿ, ಪತ್ನಿ ರುಕ್ಮಿಣಿ ದೇವಸ್ಥಾನದ ಕೊಳದಲ್ಲಿ ಅಕಸ್ಮಾತ್ತಾಗಿ ಮುಳುಗಿ ತೀರಿಕೊಂಡರು. ಮರುವರ್ಷ ಶಾರದಾ ಅವರನ್ನು ಕೈಹಿಡಿದರು. 1931ರಲ್ಲಿ ಪಂಚಸೂತ್ರಗಳ ಗ್ರಂಥ, 1933ರಲ್ಲಿ ದ್ವಿಬಿಂದು ವರ್ಗೀಕರಣ, 1934ರಲ್ಲಿ ಸೂಚೀಕರಣದ ನಿಯಮಾವಳಿ ಹೊರಬಂದವು. ಗ್ರಂಥ ಇರುವುದು ಬಳಕೆಗಾಗಿ, ಓದುಗನಿಗೂ ಅವನಿಗೆ ಬೇಕಾದ ಗ್ರಂಥಕ್ಕೂ ಭೇಟಿ ಮಾಡಿಸುವುದೇ ಗ್ರಂಥಪಾಲನ ಕೆಲಸ, ಓದುಗನ ವೇಳೆ ವ್ಯರ್ಥವಾಗಬಾರದು, ಗ್ರಂಥಾಲಯ ಬೆಳೆಯುತ್ತಲೇ ಇರುವ ಜೀವಿ ಎಂಬುದು ಆ ಸೂತ್ರಗಳ ಒಟ್ಟು ತಾತ್ಪರ್ಯ.

ಈ ತತ್ತ್ವಗಳಿಗೆ ಅತ್ಯಂತ ಕಠಿಣ ಪರೀಕ್ಷೆ ಎದುರಾದದ್ದು ನಿಯತಕಾಲಿಕಗಳ ವಿಭಾಗದಲ್ಲಿ. ಪುಸ್ತಕವನ್ನು ಒಮ್ಮೆ ಕೊಂಡರೆ ವ್ಯವಹಾರ ಮುಗಿಯಿತು. ನಿಯತಕಾಲಿಕದ ಕಥೆ ಹಾಗಲ್ಲ. ವರ್ಷದ ಚಂದಾವನ್ನು ಮುಂಗಡವಾಗಿ ಕಟ್ಟಬೇಕು. ಸಂಚಿಕೆಗಳು ಒಂದೊಂದಾಗಿ ವರ್ಷವಿಡೀ ಬರಬೇಕು. ಹಡಗಿನಲ್ಲಿ ಬರುವ ವಿದೇಶಿ ಸಂಚಿಕೆ ವಾರಗಟ್ಟಲೆ ತಡವಾಗಬಹುದು, ಅಂಚೆಯಲ್ಲಿ ಕಳೆದೂಹೋಗಬಹುದು. ಬಾರದ ಸಂಚಿಕೆಯನ್ನು ಕೂಡಲೇ ಕೇಳದಿದ್ದರೆ ಪ್ರಕಾಶಕರ ಬಳಿ ಪ್ರತಿಗಳು ಮುಗಿದುಹೋಗುತ್ತವೆ. ಒಂದು ಸಂಚಿಕೆ ತಪ್ಪಿದರೂ ಆ ಸಂಪುಟ ಊನ. ಸಂಶೋಧಕನಿಗೆ ಬೇಕಾದ ಲೇಖನ ಹತ್ತಾರು ವರ್ಷಗಳ ನಂತರವೂ ಆ ಊನದ ಜಾಗದಲ್ಲೇ ಇರಬಾರದೆಂದೇನೂ ಇಲ್ಲ. ಬಂದದ್ದು ಕಣ್ಣಿಗೆ ಕಾಣುತ್ತದೆ, ಬಾರದೇ ಇದ್ದದ್ದು ಕಾಣುವುದಿಲ್ಲ. ನೂರಾರು ಪತ್ರಿಕೆ ತರಿಸುವ ಗ್ರಂಥಾಲಯದಲ್ಲಿ ಈ ಕಾಣದಿರುವುದನ್ನು ಕಾಣಿಸುವುದು ಹೇಗೆ?

ರಂಗನಾಥನ್ ಕಂಡುಕೊಂಡ ಉತ್ತರ ಮೂರು ಬಗೆಯ ಕಾರ್ಡುಗಳು. ಮೊದಲನೆಯದು ದಾಖಲೆಯ ಕಾರ್ಡು: ಪ್ರಕಾಶಕರು ಯಾರು, ಚಂದಾ ಎಷ್ಟು, ಎಂದು ಪಾವತಿಯಾಯಿತು, ಯಾವ ಸಂಚಿಕೆ ಎಂದು ಕೈಸೇರಿತು ಎಂಬುದೆಲ್ಲ ಅದರಲ್ಲಿ. ಎರಡನೆಯದು ತಪಾಸಣೆಯ ಕಾರ್ಡು. ಇದನ್ನು ಅಕ್ಷರಾನುಕ್ರಮದಲ್ಲಿ ಇಡದೆ, ಮುಂದಿನ ಸಂಚಿಕೆ ಬರಬೇಕಾದ ವಾರದ ಅಡಿಯಲ್ಲಿ ಇಡಲಾಗುತ್ತಿತ್ತು. ಸಂಚಿಕೆ ಬಂದೊಡನೆ ಕಾರ್ಡು ಮುಂದಿನ ವಾರಕ್ಕೋ ತಿಂಗಳಿಗೋ ಜಿಗಿಯುತ್ತದೆ. ವಾರ ಕಳೆದ ಮೇಲೂ ಅಲ್ಲೇ ಉಳಿದ ಕಾರ್ಡುಗಳೇ ಬಾರದ ಸಂಚಿಕೆಗಳ ಪಟ್ಟಿ. ಅವುಗಳಿಗೆ ಜ್ಞಾಪನ ಪತ್ರ ಹೋಗಬೇಕು. ಮೂರನೆಯದು ವರ್ಗಾನುಕ್ರಮದ ಕಾರ್ಡು: ಯಾವ ವಿಷಯದಲ್ಲಿ ಯಾವ ನಿಯತಕಾಲಿಕಗಳಿವೆ, ಅವುಗಳ ಎಷ್ಟನೆಯ ಸಂಪುಟದಿಂದ ಎಷ್ಟನೆಯ ಸಂಪುಟದವರೆಗೆ ಗ್ರಂಥಾಲಯದಲ್ಲಿದೆ ಎಂಬುದನ್ನು ಅದು ಹೇಳುತ್ತಿತ್ತು. ಯಂತ್ರವಿಲ್ಲ, ದೊಡ್ಡ ಖರ್ಚಿಲ್ಲ. ಗುಮಾಸ್ತರೊಬ್ಬರು ದಿನಕ್ಕಿಷ್ಟು ಹೊತ್ತು ಕುಳಿತರೆ ಆಯಿತು. ಗಣಿತಜ್ಞನೊಬ್ಬ ಮಾತ್ರ ಯೋಚಿಸಬಹುದಾದಷ್ಟು ಅಚ್ಚುಕಟ್ಟು ಆ ಏರ್ಪಾಟಿನಲ್ಲಿತ್ತು. ಭಾರತದ ಗ್ರಂಥಾಲಯಗಳು ದಶಕಗಳ ಕಾಲ ಅದನ್ನು ಅನುಸರಿಸಿದವು. ಗ್ರಂಥಾಲಯ ವಿಜ್ಞಾನದ ವಿದ್ಯಾರ್ಥಿಗಳು ಪರೀಕ್ಷೆಗಾಗಿ ಓದಿದರು.

1945ರಲ್ಲಿ ಅವರು ಬನಾರಸ್ ಹಿಂದೂ ವಿಶ್ವವಿದ್ಯಾಲಯ ಸೇರಿದರು. ಅಲ್ಲಿದ್ದ ಸುಮಾರು ಒಂದು ಲಕ್ಷ ಗ್ರಂಥಗಳನ್ನು ಎರಡು ವರ್ಷಗಳೊಳಗೆ ಬಹುಮಟ್ಟಿಗೆ ಒಬ್ಬರೇ ವರ್ಗೀಕರಿಸಿದರು. 1947ರಿಂದ 1954ರವರೆಗೆ ದೆಹಲಿಯಲ್ಲಿದ್ದಾಗ ಅವರ ಗಮನ ಒಂದು ಗ್ರಂಥಾಲಯದಿಂದ ಇಡೀ ದೇಶದತ್ತ ಹೊರಳಿತು. ಎಷ್ಟೇ ಶ್ರೀಮಂತ ಗ್ರಂಥಾಲಯವೂ ಲೋಕದ ಎಲ್ಲ ನಿಯತಕಾಲಿಕಗಳನ್ನು ತರಿಸಲಾರದು. ಹಾಗಿದ್ದ ಮೇಲೆ ಯಾವ ಪತ್ರಿಕೆ ಯಾವ ಊರಿನಲ್ಲಿದೆ ಎಂದಾದರೂ ಎಲ್ಲರಿಗೂ ತಿಳಿದಿರಬೇಕು. ಈ ಆಲೋಚನೆಯಿಂದ ಅವರೂ ಅವರ ಸಂಗಡಿಗರೂ ದಕ್ಷಿಣ ಏಷ್ಯಾದ ಗ್ರಂಥಾಲಯಗಳಲ್ಲಿರುವ ವಿದ್ವತ್ ನಿಯತಕಾಲಿಕಗಳ ಸಂಯುಕ್ತ ಸೂಚಿಯನ್ನು ಸಿದ್ಧಪಡಿಸಿದರು. ವಿಜ್ಞಾನಗಳಿಗೆ ಮೀಸಲಾದ ಅದರ ಸಂಪುಟ 1953ರಲ್ಲಿ ಪ್ರಕಟವಾಯಿತು. ಇದೇ ಅವಧಿಯಲ್ಲಿ, 1952ರಲ್ಲಿ, ವಿಜ್ಞಾನ ಲೇಖನಗಳನ್ನು ಹುಡುಕಿ ಪ್ರತಿ ಮಾಡಿ ಒದಗಿಸುವ ರಾಷ್ಟ್ರೀಯ ದಾಖಲೆ ಕೇಂದ್ರ ಇನ್ಸ್‌ಡಾಕ್ ಯುನೆಸ್ಕೋ ನೆರವಿನಿಂದ ದೆಹಲಿಯಲ್ಲಿ ಸ್ಥಾಪನೆಯಾಯಿತು. 1954ರಲ್ಲಿ ಅದು ಆರಂಭಿಸಿದ ಗ್ರಂಥಾಲಯ ವಿಜ್ಞಾನ ಪತ್ರಿಕೆಗೆ ರಂಗನಾಥನ್ ಅವರೇ ಸಂಪಾದಕರು.

ಕೆಲಕಾಲ ಜ್ಯೂರಿಚ್‌ನಲ್ಲಿದ್ದು, 1950ರ ದಶಕದ ಕೊನೆಯಲ್ಲಿ ಅವರು ಬೆಂಗಳೂರಿಗೆ ಬಂದು ನೆಲೆಸಿದರು. ವಯಸ್ಸು ಅರವತ್ತೈದು ದಾಟಿತ್ತು. ವಿಶ್ರಾಂತಿಯ ಊರು ಎಂದೇ ಆಗ ಬೆಂಗಳೂರಿಗೆ ಹೆಸರು. ಆದರೆ ವಿಶ್ರಾಂತಿ ಅವರ ಜಾಯಮಾನವಾಗಿರಲಿಲ್ಲ. ಸಂಶೋಧನಾಲಯಗಳೂ ಸಾರ್ವಜನಿಕ ವಲಯದ ಕಾರ್ಖಾನೆಗಳೂ ಬೆಳೆಯುತ್ತಿದ್ದ ಈ ನಗರದಲ್ಲಿ ವಿಜ್ಞಾನಿಗೆ ಬೇಕಾಗಿದ್ದುದು ಇಡೀ ಗ್ರಂಥಕ್ಕಿಂತ ಹೆಚ್ಚಾಗಿ ನಿಯತಕಾಲಿಕದ ಒಂದು ಲೇಖನ, ಕೆಲವೊಮ್ಮೆ ಅದರ ಒಂದು ಕೋಷ್ಟಕ. ಭಾರತೀಯ ಸಾಂಖ್ಯಿಕ ಸಂಸ್ಥೆಯ ಆಶ್ರಯದಲ್ಲಿ 1962ರಲ್ಲಿ ಅವರು ಇಲ್ಲಿ ಸ್ಥಾಪಿಸಿದ ದಾಖಲೆ ಸಂಶೋಧನೆ ಮತ್ತು ತರಬೇತಿ ಕೇಂದ್ರ ಅಂಥ ಸೂಕ್ಷ್ಮ ವಿಷಯಗಳನ್ನು ವಿಂಗಡಿಸಿ ಹುಡುಕಿಕೊಡುವ ವಿದ್ಯೆಯನ್ನು ಬೆಳೆಸಿತು. ಮೈಸೂರು ರಸ್ತೆಯ ಆವರಣದಲ್ಲಿ ಆ ಕೇಂದ್ರ ಇಂದಿಗೂ ಇದೆ. 1965ರಲ್ಲಿ ಅಂದಿನ ಮೈಸೂರು ರಾಜ್ಯಕ್ಕೆ ಸಾರ್ವಜನಿಕ ಗ್ರಂಥಾಲಯ ಕಾನೂನು ಬಂದುದರ ಹಿಂದೆಯೂ ಅವರ ಶ್ರಮವಿತ್ತು. ಅದೇ ವರ್ಷ ಭಾರತ ಸರ್ಕಾರ ಅವರನ್ನು ರಾಷ್ಟ್ರೀಯ ಸಂಶೋಧನಾ ಪ್ರಾಧ್ಯಾಪಕರನ್ನಾಗಿ ನೇಮಿಸಿತು. ಉಳಿಸಿದ್ದ ಹಣದಲ್ಲಿ ಒಂದು ಲಕ್ಷ ರೂಪಾಯಿಯನ್ನು ಮದ್ರಾಸ್ ವಿಶ್ವವಿದ್ಯಾಲಯಕ್ಕೆ ಪತ್ನಿಯ ಹೆಸರಿನ ಪೀಠಕ್ಕಾಗಿ ಕೊಟ್ಟಿದ್ದ ಅವರು, 1961ರಲ್ಲಿ ಅವರದೇ ಹೆಸರು ಸೇರಿದ ದತ್ತಿಯೊಂದನ್ನು ಬೆಂಗಳೂರಿನಲ್ಲಿ ಸ್ಥಾಪಿಸಿದರು. 1972ರ ಸೆಪ್ಟೆಂಬರ್ 27ರಂದು ಬೆಂಗಳೂರಿನಲ್ಲೇ ಕೊನೆಯುಸಿರೆಳೆದರು.

ಅವರು ಹೋದ ಮೂರು ದಶಕಗಳಲ್ಲಿ ನಿಯತಕಾಲಿಕದ ರೂಪವೇ ಬದಲಾಯಿತು. ಅಂಚೆಯಣ್ಣ ತರುತ್ತಿದ್ದ ಸಂಚಿಕೆ ಗಣಕದ ಪರದೆಗೆ ಬಂತು. ಒಂಟಿ ಗ್ರಂಥಾಲಯಗಳು ಬೆಲೆಯ ಭಾರ ಹೊರಲಾರದೆ ಒಕ್ಕೂಟಗಳನ್ನು ಕಟ್ಟಿಕೊಂಡವು. ತಾಂತ್ರಿಕ ಶಿಕ್ಷಣ ಸಂಸ್ಥೆಗಳ ಒಕ್ಕೂಟ 2003ರಲ್ಲಿ, ವಿಶ್ವವಿದ್ಯಾಲಯಗಳದು ಅದರ ಬೆನ್ನಲ್ಲೇ ಬಂದವು. 2015ರಲ್ಲಿ ಅವು ಇ-ಶೋಧಸಿಂಧು ಎಂಬ ಹೆಸರಿನಲ್ಲಿ ಒಂದಾದವು. 2024ರ ನವೆಂಬರ್ 25ರಂದು ಕೇಂದ್ರ ಸಂಪುಟ ಒಂದು ರಾಷ್ಟ್ರ ಒಂದು ಚಂದಾ ಯೋಜನೆಗೆ ಒಪ್ಪಿಗೆ ನೀಡಿತು. 2025ರಿಂದ 2027ರವರೆಗಿನ ಮೂರು ವರ್ಷಗಳಿಗೆ 6,000 ಕೋಟಿ ರೂಪಾಯಿ. 30 ಪ್ರಕಾಶಕರ ಸುಮಾರು 13,000 ನಿಯತಕಾಲಿಕಗಳು. 6,300ಕ್ಕೂ ಹೆಚ್ಚು ಸರ್ಕಾರಿ ಶಿಕ್ಷಣ, ಸಂಶೋಧನಾ ಸಂಸ್ಥೆಗಳು. ಸಣ್ಣ ಊರಿನ ಸರ್ಕಾರಿ ಕಾಲೇಜಿನ ಅಧ್ಯಾಪಕರಿಗೂ ದೊಡ್ಡ ಸಂಶೋಧನಾಲಯದ ವಿಜ್ಞಾನಿಗೂ ಒಂದೇ ಕಪಾಟು ತೆರೆಯುವ ಈ ಯತ್ನವನ್ನು ರಂಗನಾಥನ್ ಮೆಚ್ಚದೆ ಇರುತ್ತಿರಲಿಲ್ಲ. ಅವರ ಸಂಯುಕ್ತ ಸೂಚಿಯ ಕನಸು ಇದಕ್ಕಿಂತ ಬೇರೆಯದಾಗಿರಲಿಲ್ಲ.

ಆದರೆ ಮೆಚ್ಚುಗೆಯ ಜೊತೆಗೆ ಅವರು ಮೂರು ಕಾರ್ಡುಗಳನ್ನೂ ಮುಂದಿಡುತ್ತಿದ್ದರು. ಕೊಟ್ಟ ಹಣಕ್ಕೆ ಏನು ಬಂದಿದೆ ಎಂದು ಮೊದಲ ಕಾರ್ಡು ಕೇಳುತ್ತದೆ. ದೊಡ್ಡ ಪ್ರಕಾಶಕರು ನೂರಾರು ಪತ್ರಿಕೆಗಳನ್ನು ಒಂದೇ ಗಂಟಿನಲ್ಲಿ ಕಟ್ಟಿ ಮಾರುವಾಗ, ಬೇಕಾದ ಹತ್ತರ ಜೊತೆ ಬೇಡದ ತೊಂಬತ್ತಕ್ಕೂ ಬೆಲೆ ತೆರಬೇಕಾಗುತ್ತದೆ. ಯಾವುದನ್ನು ಎಷ್ಟು ಜನ ಓದಿದರು ಎಂಬ ಲೆಕ್ಕವನ್ನು ಪ್ರತಿ ಸಂಸ್ಥೆಯೂ ಇಟ್ಟುಕೊಳ್ಳದಿದ್ದರೆ ಮುಂದಿನ ಒಪ್ಪಂದದ ಮಾತುಕತೆಯಲ್ಲಿ ಹೇಳಲು ನಮ್ಮ ಬಳಿ ಏನೂ ಇರುವುದಿಲ್ಲ. ಏನು ಬಂದಿಲ್ಲ ಎಂದು ಎರಡನೆಯ ಕಾರ್ಡು ಕೇಳುತ್ತದೆ. ಪರದೆಯ ಮೇಲೆ ಕೊಂಡಿ ಕೆಲಸ ಮಾಡದಿದ್ದರೆ, ಹೊಸ ಸಂಚಿಕೆಗೆ ತಡೆಗಾಲವಿದ್ದರೆ, ಪತ್ರಿಕೆಯೇ ಬೇರೆ ಪ್ರಕಾಶಕರ ಕೈಗೆ ಹೋಗಿದ್ದರೆ ಓದುಗ ಸುಮ್ಮನೆ ಎದ್ದು ಹೋಗುತ್ತಾನೆ. ಖಾಲಿ ಕಪಾಟು ಕಣ್ಣಿಗೆ ಬೀಳುವಂತೆ ಈ ಖಾಲಿತನ ಬೀಳುವುದಿಲ್ಲ.

ಎಲ್ಲಕ್ಕಿಂತ ಗಂಭೀರವಾದದ್ದು ಮೂರನೆಯ ಕಾರ್ಡಿನ ಪ್ರಶ್ನೆ: ಎಲ್ಲಿಂದ ಎಲ್ಲಿಯವರೆಗೆ ನಮ್ಮ ಬಳಿ ಇದೆ? ಮುದ್ರಿತ ಸಂಪುಟದ ಚಂದಾ ನಿಂತರೂ ಹಿಂದಿನ ವರ್ಷಗಳ ರಟ್ಟು ಕಟ್ಟಿದ ಸಂಪುಟಗಳು ಕಪಾಟಿನಲ್ಲೇ ಉಳಿಯುತ್ತಿದ್ದವು. ವಿದ್ಯುನ್ಮಾನ ಪತ್ರಿಕೆಯಲ್ಲಿ ನಾವು ಸಾಮಾನ್ಯವಾಗಿ ಕೊಳ್ಳುವುದು ಸಂಪುಟವನ್ನಲ್ಲ, ನೋಡುವ ಪರವಾನಗಿಯನ್ನು. ಪಾವತಿಸಿದ ವರ್ಷಗಳ ಸಂಚಿಕೆಗಳು ಶಾಶ್ವತವಾಗಿ ನಮಗೆ ಲಭ್ಯ ಎಂಬ ಷರತ್ತನ್ನು ಒಪ್ಪಂದದಲ್ಲಿ ಬರೆಸಿಕೊಳ್ಳದಿದ್ದರೆ, ಚಂದಾ ನಿಂತ ದಿನವೇ ಕಪಾಟು ಮಾಯವಾಗುತ್ತದೆ. ಬಾಡಿಗೆ ಮನೆಗೆ ಎಷ್ಟು ವರ್ಷ ಬಾಡಿಗೆ ಕಟ್ಟಿದರೂ ಅದು ಸ್ವಂತದ್ದಾಗುವುದಿಲ್ಲ. 2027ರ ಬಳಿಕ ನಮ್ಮ ಕೈಯಲ್ಲಿ ಉಳಿಯುವುದೇನು ಎಂದು ಪ್ರತಿ ಗ್ರಂಥಪಾಲರೂ ಈಗಲೇ ಕೇಳಬೇಕು.

ಇನ್ನೊಂದು ಮಾತೂ ಇದೆ. ಕಪಾಟಿನಲ್ಲಿದ್ದ ಪತ್ರಿಕೆಯನ್ನು ನಿವೃತ್ತ ಅಧ್ಯಾಪಕರು, ಖಾಸಗಿ ವೈದ್ಯರು, ಹವ್ಯಾಸಿ ಇತಿಹಾಸಕಾರರು ಗ್ರಂಥಪಾಲರನ್ನು ಕೇಳಿಕೊಂಡು ಅಲ್ಲೇ ಕುಳಿತು ಓದಬಹುದಿತ್ತು. ಪರವಾನಗಿಯ ಲೋಕದಲ್ಲಿ ಗುರುತಿನ ಸಂಖ್ಯೆ ಇಲ್ಲದವನು ಹೊರಗಿನವನು. ಸರ್ಕಾರಿ ಸಂಸ್ಥೆಗಳಿಂದ ಆರಂಭವಾದ ಯೋಜನೆ ಖಾಸಗಿ ಕಾಲೇಜುಗಳಿಗೂ, ರಂಗನಾಥನ್ ಕಾನೂನಿನ ಬಲ ತಂದುಕೊಟ್ಟ ಸಾರ್ವಜನಿಕ ಗ್ರಂಥಾಲಯಗಳಿಗೂ ತಲುಪಬೇಕು. ಆ ಗ್ರಂಥಾಲಯಗಳಿಗಾಗಿ ಕರ ತೆರುವ ನಾಗರಿಕನಿಗೆ, ತನ್ನದೇ ತೆರಿಗೆಯಿಂದ ನಡೆದ ಸಂಶೋಧನೆಯ ಫಲವನ್ನು ಓದುವ ಹಕ್ಕು ಇರಲೇಬೇಕು.

ಓದುಗರಿಲ್ಲದ ಗ್ರಂಥಾಲಯದಲ್ಲಿ ಕುಳಿತಿರಲಾರೆ ಎಂದು 1924ರಲ್ಲಿ ರಂಗನಾಥನ್ ಹುದ್ದೆಯನ್ನೇ ಬಿಡಲು ಸಿದ್ಧರಾಗಿದ್ದರು. ಇಂದು ಗ್ರಂಥಾಲಯಕ್ಕೆ ಗೋಡೆಗಳಿಲ್ಲ, ಆದರೆ ಬೀಗಗಳಿವೆ. ಬೀಗದ ಕೈ ನಮ್ಮ ಗ್ರಂಥಪಾಲರ ಬಳಿಯೂ ಇಲ್ಲ. ವರ್ಷಕ್ಕೊಮ್ಮೆ ಭಾವಚಿತ್ರಕ್ಕೆ ಹಾರ ಹಾಕುವಾಗ, ಎದುರಿನ ಗಣಕದಲ್ಲಿ ಆ ಮೂರು ಕಾರ್ಡುಗಳ ಪ್ರಶ್ನೆಗಳಿಗೆ ಉತ್ತರವಿದೆಯೇ ಎಂದೂ ನೋಡಿಕೊಳ್ಳುವುದು ಅವರಿಗೆ ಸಲ್ಲಿಸಬಹುದಾದ ತಕ್ಕ ಗೌರವ.