ಕುರ್ಚಿ ಬಿಟ್ಟು ಕುಂಚ ಹಿಡಿದ ರುಮಾಲೆ ಚನ್ನಬಸವಯ್ಯ

ಈ ಸಲ ನಾನು ಒಬ್ಬ ದೊಡ್ಡ ಕಲಾವಿದರ ಜೀವನ ಚರಿತ್ರೆ ಬರೆದೀನಿ.

ರುಮಾಲೆ ಚನ್ನಬಸವಯ್ಯನವರು 1910ರಲ್ಲಿ ದೊಡ್ಡಬಳ್ಳಾಪುರದಲ್ಲಿ ಹುಟ್ಟಿದರು. ಅದೂ ನಮ್ಮ ತೇರದಾಳದಂಗ ನೇಕಾರರ ಊರು. ಅವರಿಗೆ ಚಿತ್ರ ಅಂದ್ರ ಪ್ರಾಣ. ಬೆಂಗಳೂರಿನ ಕಲಾಮಂದಿರದಲ್ಲಿ ಎ.ಎನ್. ಸುಬ್ಬರಾವ್ ಅವರ ಹತ್ತಿರ ಕಲಿತು, ಮೈಸೂರಿನ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆ ಸೇರಿದರು. ಆದರ ಸ್ವಾತಂತ್ರ್ಯ ಚಳುವಳಿ ಜೋರಾದಾಗ ಕಲಿಯೋದು ಬಿಟ್ಟು ಗಾಂಧೀಜಿಯವರ ದಾರಿ ಹಿಡಿದರು. ಸೇವಾದಳದಲ್ಲಿ ದುಡಿದರು, ಜೈಲು ಕಂಡರು.

ಸ್ವಾತಂತ್ರ್ಯ ಬಂದ ಮೇಲೆ ತಾಯಿನಾಡು ಪತ್ರಿಕೆಯ ಸಂಪಾದಕರಾದರು. ವಿಧಾನ ಪರಿಷತ್ತಿನ ಸದಸ್ಯರೂ ಆದರು. ಇಷ್ಟಾದ ಮೇಲೆ ಯಾರು ಕುರ್ಚಿ ಬಿಡ್ತಾರ? ಇವರು ಬಿಟ್ಟರು! 1960ರ ದಶಕದಲ್ಲಿ, ಐವತ್ತು ದಾಟಿದ ವಯಸ್ಸಿನಲ್ಲಿ, ಮತ್ತ ಕುಂಚ ಹಿಡಿದರು.

ಅವರು ಕೋಣೆಯೊಳಗ ಕುಂತು ನೆನಪಿನಿಂದ ಚಿತ್ರ ಬರೆಯಲಿಲ್ಲ. ಬೆಂಗಳೂರಿನ ಹೂಬಿಟ್ಟ ಮರಗಳ ಮುಂದ ಹೋಗಿ ನಿಂತು ಬರೆದರು. ಈ ಪದ್ಧತಿ ಹೆಸರಾಗಿದ್ದು ಫ್ರಾನ್ಸ್ ದೇಶದಾಗ. ಅಲ್ಲಿಯ ಹಳೆ ಪಂಡಿತರಿಗೆ ರಾಜರ, ದೇವತೆಗಳ ಚಿತ್ರಗಳೇ ಶ್ರೇಷ್ಠ. ಬಣ್ಣ ನುಣ್ಣಗಿರಬೇಕು, ಕುಂಚದ ಗುರುತು ಕಾಣಬಾರದು. ಕ್ಲಾಡ್ ಮೊನೆ ಮತ್ತು ಗೆಳೆಯರು ಇದನ್ನು ಮುರಿದು 1874ರಲ್ಲಿ ಪ್ಯಾರಿಸ್ಸಿನಲ್ಲಿ ತಮ್ಮದೇ ಪ್ರದರ್ಶನ ಮಾಡಿದರು. ಮೊನೆಯ ಸೂರ್ಯೋದಯದ ಚಿತ್ರದ ಹೆಸರು ಹಿಡಿದು ಒಬ್ಬ ವಿಮರ್ಶಕ ಅಣಕಿಸಿದ. ಅದರಿಂದಲೇ ಇಂಪ್ರೆಷನಿಸಂ ಅನ್ನೋ ಹೆಸರು ಬಂತು. ಬೆಳಿಗ್ಗೆ ಕಂಡ ಬಣವಿ ಸಂಜಿಗೆ ಬ್ಯಾರೆ ಬಣ್ಣ ಕಾಣತೈತಿ ಅಂತ ಮೊನೆ ಒಂದೇ ಬಣವಿಯನ್ನು ಮತ್ತ ಮತ್ತ ಬರೆದ.

ರುಮಾಲೆಯವರೂ ಬಣ್ಣವನ್ನು ಸಣ್ಣ ಸಣ್ಣ ಗೀರಾಗಿ ಒತ್ತೊತ್ತಿಗೆ ಇಟ್ಟರು. ಇದು ಹೆಂಗಂದ್ರ, ನಮ್ಮ ಮಗ್ಗದಾಗ ಹಾಸು ಕೆಂಪು, ಹೊಕ್ಕು ಹಳದಿ ಹಾಕಿದ್ರ ದೂರದಿಂದ ಸೀರಿ ಕೇಸರಿ ಕಾಣತೈತಿ. ಹತ್ತಿರ ಹೋದ್ರ ಎರಡೂ ಎಳಿ ಬ್ಯಾರೆ ಬ್ಯಾರೆ. ಹಂಗs ಅವರ ಮರ ಹತ್ತಿರದಿಂದ ಬರೀ ಬಣ್ಣದ ಗೀರು, ದೂರ ನಿಂತ್ರ ಬಿಸಿಲಾಗ ಹೊಳಿಯೋ ಮರ.

ಅವರು 1988ರಲ್ಲಿ ತೀರಿಕೊಂಡರು. ಚಿತ್ರದಿಂದ ಹೊಟ್ಟಿ ತುಂಬಲ್ಲ ಅಂತ ಹಿರಿಯರು ಹೇಳ್ತಾರ. ಅದು ಸುಳ್ಳಲ್ಲ. ಆದರ ದೇಶಕ್ಕಾಗಿ ಚಿತ್ರ ಬಿಟ್ಟು, ಚಿತ್ರಕ್ಕಾಗಿ ಅಧಿಕಾರ ಬಿಟ್ಟ ಇವರನ್ನ ನೋಡಿದ್ರ ಹೊಟ್ಟಿಯೊಂದೇ ಲೆಕ್ಕ ಅಲ್ಲ ಅನಸತೈತಿ. ಗೆಳೆಯರೇ, ನೀವೂ ಒಂದು ಬೇವಿನ ಮರವನ್ನು ಮುಂಜಾನೆ, ಮಧ್ಯಾಹ್ನ, ಸಂಜಿ ಮೂರೂ ಹೊತ್ತು ನೋಡಿ ಬರೀರಿ.