ನಲವತ್ತೆಂಟಕ್ಕೆ ಕೆಲಸ ಬಿಟ್ಟ ಸರ್ ಎಂ.ವಿ.

ಕಳೆದ ತಿಂಗಳು ನಮ್ಮ ಕಂಪನಿಯಲ್ಲಿ ನಲವತ್ತೈದು ದಾಟಿದವರನ್ನು ಒಬ್ಬೊಬ್ಬರಾಗಿ ಒಳಗೆ ಕರೆದು ಒಂದು ಫಾರಂ ಕೊಟ್ಟರು. ಸ್ವಯಂ ನಿವೃತ್ತಿಯದು. ಹೆಸರಿಗೆ ಸ್ವಯಂ, ಅಷ್ಟೇ. ನನಗೀಗ ನಲವತ್ತೆಂಟು. ಮಗಳು ಹನ್ನೊಂದನೇ ತರಗತಿ, ಪುಣೆಯ ಫ್ಲ್ಯಾಟಿನ ಸಾಲದ ಕಂತು ಇನ್ನೂ ಒಂಬತ್ತು ವರ್ಷ. ನೌಕರರ ಪಿಂಚಣಿ ಯೋಜನೆಯ ಪೂರ್ತಿ ಪಿಂಚಣಿ ಬರುವುದು 58ಕ್ಕೆ. 50ಕ್ಕೇ ಬೇಕೆಂದರೆ ಮುಂಚಿತವಾದ ಒಂದೊಂದು ವರ್ಷಕ್ಕೂ ಶೇ 4ರಷ್ಟು ಕಡಿತ. ನನಗೆ ಆ 50 ಕೂಡ ಆಗಿಲ್ಲ.

ಆ ಭಾನುವಾರ ಮನೆಯಲ್ಲಿ ಕೂರಲಾಗದೆ ಖಡಕ್‌ವಾಸ್ಲಾ ಕಡೆ ಹೋದೆವು. ಕಟ್ಟೆಯ ಮೇಲೆ ಸುಟ್ಟ ಜೋಳದ ತೆನೆ ತಿನ್ನುತ್ತಿದ್ದಾಗ ಮನೆಯಾಕೆ ಹೇಳಿದಳು, ಇಲ್ಲಿ ಗೇಟು ಹಾಕಿದವರೂ ನಿಮ್ಮ ವಯಸ್ಸಿಗೇ ಕೆಲಸ ಬಿಟ್ಟವರಲ್ಲವೇ ಅಂತ. ಅವಳು ಚಿಕ್ಕಬಳ್ಳಾಪುರದ ಕಡೆಯವಳು, ಮುದ್ದೇನಹಳ್ಳಿಯೆಂದರೆ ತವರು. ನಾನು ಲೆಕ್ಕ ಹಾಕಿದೆ. ಹೌದು, ಸರಿಸುಮಾರು ನನ್ನ ವಯಸ್ಸೇ.

ವಿಶ್ವೇಶ್ವರಯ್ಯನವರ ಕತೆ ನಮಗೆಲ್ಲ ಕನ್ನಂಬಾಡಿಯಿಂದ ಶುರುವಾಗುತ್ತದೆ. ಎರಡು ಮೇಣದಬತ್ತಿಯ ಕತೆ ವರ್ಷಕ್ಕೊಮ್ಮೆ ಸೆಪ್ಟೆಂಬರ್ 15ಕ್ಕೆ ಮೊಬೈಲಿಗೆ ಬಂದು ಬೀಳುತ್ತದೆ. ಆದರೆ ಅದಕ್ಕೂ ಮುಂಚೆ ಅವರು ನಮ್ಮಂತೆಯೇ ಊರು ಬಿಟ್ಟು ಪುಣೆ, ಮುಂಬಯಿ ಸೀಮೆಯಲ್ಲಿ ಸಂಬಳಕ್ಕೆ ದುಡಿದವರು ಎನ್ನುವುದು ಯಾಕೋ ನೆನಪಿಗೆ ಬರುವುದಿಲ್ಲ. ಚಿಕ್ಕಂದಿನಲ್ಲೇ ತಂದೆ ತೀರಿಕೊಂಡರು. ಬೆಂಗಳೂರಿನಲ್ಲಿ ಮನೆಪಾಠ ಹೇಳಿಕೊಂಡು ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎ. ಮುಗಿಸಿದರು. ಮೈಸೂರು ಸರ್ಕಾರದ ವಿದ್ಯಾರ್ಥಿವೇತನದ ಮೇಲೆ ಪುಣೆಯ ವಿಜ್ಞಾನ ಕಾಲೇಜಿಗೆ ಬಂದು 1883ರಲ್ಲಿ ಎಂಜಿನಿಯರಿಂಗ್‌ನಲ್ಲಿ ಮೊದಲ ಸ್ಥಾನ ಪಡೆದರು. ಮರುವರ್ಷವೇ ಮುಂಬಯಿ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಯಲ್ಲಿ ಸಹಾಯಕ ಎಂಜಿನಿಯರ್. ನಾಸಿಕ್, ಖಾನ್‌ದೇಶ್, ಸಿಂಧ್‌ನ ಸುಕ್ಕೂರ್, ಸೂರತ್, ಪುಣೆ, ವರ್ಗದ ಮೇಲೆ ವರ್ಗ.

ಅವರು ಸುಮ್ಮನೆ ಸಂಬಳ ಎಣಿಸಿಕೊಂಡು ಕೂತವರಲ್ಲ. 1898ರಲ್ಲಿ ಜಪಾನಿಗೆ ಹೋಗಿ ಅಲ್ಲಿನ ಶಾಲೆ, ಕೈಗಾರಿಕೆ ನೋಡಿಕೊಂಡು ಬಂದರು. ಖಡಕ್‌ವಾಸ್ಲಾದ ಕೋಡಿಗೆ ಹಾಕಿದ ಸ್ವಯಂಚಾಲಿತ ಬಾಗಿಲುಗಳು 1903ರವು. ನೀರು ಮಿತಿ ಮೀರಿದರೆ ತಾವೇ ತೆರೆದುಕೊಂಡು, ಇಳಿದರೆ ತಾವೇ ಮುಚ್ಚಿಕೊಳ್ಳುವ ಏರ್ಪಾಟು. ಕಟ್ಟೆ ಎತ್ತರಿಸದೆಯೇ ಹೆಚ್ಚು ನೀರು ನಿಲ್ಲಿಸಬಹುದಿತ್ತು. ಪೇಟೆಂಟ್ ಅವರದೇ, ಆದರೆ ಸರ್ಕಾರಿ ಕೆಲಸದಲ್ಲಿದ್ದಾಗ ಮಾಡಿದ್ದೆಂದು ರಾಯಲ್ಟಿ ತೆಗೆದುಕೊಳ್ಳಲಿಲ್ಲ. (ನಾವು ತೆನೆ ತಿಂದ ಕಟ್ಟೆ ಆಗಿನದಲ್ಲ. 1961ರ ಜುಲೈ 12ರಂದು ಪಾನ್‌ಶೇತ್ ಒಡೆದಾಗ ಹಳೆಯ ಖಡಕ್‌ವಾಸ್ಲಾ ಕಟ್ಟೆಯೂ ಹೋಯಿತು. ಆಗ ಸರ್ ಎಂ.ವಿ. ಇನ್ನೂ ಬದುಕಿದ್ದರು.)

1908ರ ಹೊತ್ತಿಗೆ ಅವರು ಹಲವು ಹಿರಿಯರನ್ನು ದಾಟಿ ಮೇಲೆ ಬಂದಿದ್ದರು. ಮುಂದಿನ ಮೆಟ್ಟಿಲು ಮುಖ್ಯ ಎಂಜಿನಿಯರ್ ಹುದ್ದೆ. ಅದು ಆಗ ಭಾರತೀಯರಿಗೆ ಸಿಗುವಂಥದ್ದಲ್ಲ. ಅವರು ರಂಪ ಮಾಡಲಿಲ್ಲ, ನಿವೃತ್ತಿ ಕೇಳಿದರು. ಸೇವೆ ಪೂರ್ಣಾವಧಿ ಮುಟ್ಟಿರಲಿಲ್ಲ. ಆದರೂ ಮುಂಬಯಿ ಸರ್ಕಾರ ಪಿಂಚಣಿ ಮಂಜೂರು ಮಾಡಿತು. ಈ ಒಂದು ಸಾಲನ್ನು ಜೀವನಚರಿತ್ರೆಗಳು ಬೇಗ ದಾಟಿ ಹೋಗುತ್ತವೆ. ಫಾರಂ ಕೈಯಲ್ಲಿ ಹಿಡಿದಿರುವ ನನಗೆ ಅದೇ ದೊಡ್ಡ ಸಾಲು.

ಕೆಲಸ ಬಿಟ್ಟವರು ಮುಂದಿನ ಹುದ್ದೆ ಹುಡುಕಿಕೊಂಡು ಹೋಗಲಿಲ್ಲ, ಯುರೋಪು, ಅಮೆರಿಕ ನೋಡಲು ಹೊರಟರು. ಆ ವರ್ಷದ ಸೆಪ್ಟೆಂಬರ್ 28ರಂದು ಹೈದರಾಬಾದಿನಲ್ಲಿ ಮೂಸಿ ನದಿ ಉಕ್ಕಿ ಸಾವಿರಾರು ಜನ ಸತ್ತರು. ಪ್ರವಾಸದಲ್ಲಿದ್ದವರಿಗೆ ನಿಜಾಮರ ಸರ್ಕಾರದಿಂದ ಕರೆ ಹೋಯಿತು. 1909ರಲ್ಲಿ ಬಂದು, ಪ್ರವಾಹ ತಡೆಯಲು ಮೇಲ್ಭಾಗದಲ್ಲಿ ಜಲಾಶಯಗಳನ್ನು ಕಟ್ಟುವ ಯೋಜನೆ ಬರೆದುಕೊಟ್ಟರು. ಉಸ್ಮಾನ್ ಸಾಗರ, ಹಿಮಾಯತ್ ಸಾಗರ ಮುಂದೆ ಅದರಿಂದಲೇ ಬಂದವು. ಅದೇ ವರ್ಷ ನವೆಂಬರಿನಲ್ಲಿ ಮೈಸೂರು ಕರೆಯಿತು, ಮುಖ್ಯ ಎಂಜಿನಿಯರ್ ಆಗಿ. ಮುಂಬಯಿಯಲ್ಲಿ ಸಿಗದ ಹುದ್ದೆ!

ಉಳಿದದ್ದು ನಿಮಗೆ ಗೊತ್ತು. 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ, 1912ರಲ್ಲಿ ದಿವಾನಗಿರಿ, 1913ರಲ್ಲಿ ಮೈಸೂರು ಬ್ಯಾಂಕು, 1916ರಲ್ಲಿ ವಿಶ್ವವಿದ್ಯಾಲಯ. 1918ರಲ್ಲಿ ಮತ್ತೊಮ್ಮೆ ಕೆಲಸ ಬಿಟ್ಟರು. ಹಿಂದುಳಿದವರಿಗೆ ಸರ್ಕಾರಿ ನೌಕರಿಯಲ್ಲಿ ಪಾಲು ಕೊಡುವ ವಿಷಯದಲ್ಲಿ ಮಹಾರಾಜರೊಂದಿಗೆ ಭಿನ್ನಾಭಿಪ್ರಾಯ. ಅಲ್ಲಿ ನನ್ನ ಮನಸ್ಸು ನಾಲ್ವಡಿಯವರ ಕಡೆಗೇ ವಾಲುತ್ತದೆ. ಆದರೆ ಒಪ್ಪದ ಮೇಲೆ ಕುರ್ಚಿಗೆ ಅಂಟಿಕೊಂಡು ಕೂರಲಿಲ್ಲ, ಅದು ಬೇರೆ ಮಾತು.

ಆಮೇಲೂ ನಲವತ್ತಮೂರು ವರ್ಷ ಬದುಕಿದರು. ನಷ್ಟದಲ್ಲಿದ್ದ ಭದ್ರಾವತಿ ಕಬ್ಬಿಣದ ಕಾರ್ಖಾನೆಯ ಅಧ್ಯಕ್ಷತೆಯನ್ನು 1923ರಿಂದ 1929ರವರೆಗೆ ಹೊತ್ತರು. ಆ ಕೆಲಸಕ್ಕೆ ಬರಬೇಕಾಗಿದ್ದ ಹಣವನ್ನು ಮನೆಗೆ ಒಯ್ಯಲಿಲ್ಲ. ಹುಡುಗರಿಗೆ ಕಸುಬು ಕಲಿಸುವ ಶಾಲೆಗೆ ಬಿಟ್ಟರು, ಬೆಂಗಳೂರಿನ ಜಯಚಾಮರಾಜೇಂದ್ರ ಸಂಸ್ಥೆ 1943ರಲ್ಲಿ ಹಾಗೆ ಆಯಿತು. ಯೋಜಿತ ಅರ್ಥವ್ಯವಸ್ಥೆಯ ಪುಸ್ತಕ ಬರೆದದ್ದು 1934ರಲ್ಲಿ. ತೊಂಬತ್ತು ದಾಟಿದ ಮೇಲೆ, ಬಿಹಾರದ ಮೊಕಾಮದ ಬಳಿ ಗಂಗೆಗೆ ಎಲ್ಲಿ ಸೇತುವೆ ಕಟ್ಟಬೇಕೆಂದು ಸಲಹೆ ಕೊಟ್ಟರು. 1955ರಲ್ಲಿ ಭಾರತರತ್ನ, 1962ರ ಏಪ್ರಿಲ್ 14ರಂದು ನಿಧನ.

ನನಗೂ ಅವರಿಗೂ ಹೋಲಿಕೆ ಇಲ್ಲ, ಅದನ್ನು ಮನೆಯಾಕೆಗೂ ಹೇಳಿದೆ. ಅವರಿಗೆ ಗೃಹಸಾಲ ಇರಲಿಲ್ಲ, ಹನ್ನೊಂದನೇ ತರಗತಿಯ ಮಗಳಿರಲಿಲ್ಲ, ತಿಂಗಳ ಪಿಂಚಣಿ ಇತ್ತು. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ಸರಿ, ಹಾಗಾದರೆ ಪಿ.ಎಫ್., ಗ್ರಾಚ್ಯುಟಿ ಎರಡೂ ಸೇರಿಸಿದರೆ ಸಾಲ ತೀರುತ್ತದೋ ಇಲ್ಲವೋ ನೋಡಿ, ಆಮೇಲೆ ಮನೆ ಖರ್ಚಿಗೆ ನನ್ನ ಶಾಲೆಯ ಸಂಬಳ ಎಷ್ಟು ತಿಂಗಳು ಸಾಕಾದೀತು ನೋಡೋಣ ಎಂದಳು. ರಾತ್ರಿ ಊಟದ ಮೇಜಿನ ಮೇಲೆ ಮಗಳ ಲೆಕ್ಕದ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಕೂಡಿದೆವು. ಸಾಲ ತೀರಿ ಹದಿನಾಲ್ಕು ತಿಂಗಳಿಗಾಗುವಷ್ಟು ಉಳಿಯಿತು. ಫಾರಂ ಕೊಡಲು ಇನ್ನೂ ಹನ್ನೆರಡು ದಿನ ಇದೆ.